ವರ್ಜೀನಿಯಾ: ಗವರ್ನರ್ ಚುನಾವಣೆಗೆ ಶಾಲೆ ಬಂದದ್ದು ಹೇಗೆ?

2021ರಲ್ಲಿ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್‌ರನ್ನು ಗವರ್ನರ್ ಆಗಿ ಗೆಲ್ಲಿಸಿದ ಅಮೆರಿಕದ ವರ್ಜೀನಿಯಾ ರಾಜ್ಯ, 2025ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್‌ಗೆ ಸುಮಾರು ಶೇ 15ರ ಮುನ್ನಡೆ ಕೊಟ್ಟಿತು. ಮೊದಲ ಸಲ ಅಧ್ಯಕ್ಷರಾಗಿದ್ದವರು ಡೆಮಾಕ್ರಟಿಕ್ ಪಕ್ಷದ ಬೈಡನ್, ಎರಡನೇ ಸಲ ರಿಪಬ್ಲಿಕನ್ ಟ್ರಂಪ್. ಅಧ್ಯಕ್ಷರ ಮೇಲಿನ ಸಿಟ್ಟು ಎಂದು ಎರಡಕ್ಕೂ ಒಂದೇ ಕಾರಣ ಹೇಳುವುದು ಸುಲಭ. ಅದರಲ್ಲಿ ಅರ್ಧ ಸತ್ಯವಷ್ಟೇ ಇದೆ.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರೇ ನೇರವಾಗಿ ಆರಿಸುವ, ಮುಖ್ಯಮಂತ್ರಿಯಂತೆ ಆಡಳಿತ ನಡೆಸುವ ವ್ಯಕ್ತಿ. ವರ್ಜೀನಿಯಾದಲ್ಲಿ ಮಾತ್ರ ಗವರ್ನರ್ ಸತತ ಎರಡನೇ ಅವಧಿಗೆ ಸ್ಪರ್ಧಿಸುವಂತಿಲ್ಲ. ಚುನಾವಣೆ ನಡೆಯುವುದೂ ಅಧ್ಯಕ್ಷೀಯ ಚುನಾವಣೆಯ ಮರುವರ್ಷ. 1977ರಿಂದ 2009ರವರೆಗೆ ಶ್ವೇತಭವನದಲ್ಲಿದ್ದ ಪಕ್ಷ ಇಲ್ಲಿ ಪ್ರತಿ ಸಲವೂ ಸೋತಿತು. 2013ರಲ್ಲಿ, ಒಬಾಮಾ ಅಧ್ಯಕ್ಷರಾಗಿದ್ದಾಗ, ಅವರದೇ ಡೆಮಾಕ್ರಟಿಕ್ ಪಕ್ಷದ ಟೆರಿ ಮೆಕಾಲಿಫ್ ಗೆದ್ದು ಆ ಸರಪಳಿ ಮುರಿದರು.

ಶಾಲೆಯ ಜಗಳ ಇಲ್ಲಿ ಹಳೆಯದು. ಬಿಳಿಯ, ಕಪ್ಪು ಮಕ್ಕಳು ಒಟ್ಟಿಗೆ ಕೂರಬಾರದೆಂದು ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿದ್ದರು. ಅದೇ ರಾಜ್ಯ 1989ರಲ್ಲಿ ಡಗ್ಲಸ್ ವೈಲ್ಡರ್‌ರನ್ನು ಆರಿಸಿತು. ಅಮೆರಿಕದಲ್ಲಿ ಚುನಾಯಿತರಾದ ಮೊದಲ ಕಪ್ಪು ಗವರ್ನರ್ ಅವರು. ಅಂತರ ಏಳು ಸಾವಿರ ಮತಕ್ಕಿಂತ ಕಡಿಮೆ.

ಈಗಿನ ಗೋಜಲು ಶುರುವಾದದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಮಕ್ಕಳು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದರು. ಕೆಲಸವನ್ನೂ ಮಕ್ಕಳ ಆನ್‌ಲೈನ್ ಪಾಠವನ್ನೂ ಒಂದೇ ಮನೆಯಲ್ಲಿ ತೂಗಿಸುವುದರಲ್ಲಿ ಪೋಷಕರು ಹೈರಾಣಾದರು. ಆ ಹೊತ್ತಿನಲ್ಲೇ ರಾಜಧಾನಿ ವಾಷಿಂಗ್ಟನ್ ಬಳಿಯ ಫೇರ್‌ಫ್ಯಾಕ್ಸ್ ಕೌಂಟಿಯ ಶಾಲಾ ಮಂಡಳಿ, ಹೆಸರಾಂತ ಥಾಮಸ್ ಜೆಫರ್ಸನ್ ಪ್ರೌಢಶಾಲೆಯ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟು, ಪ್ರತಿ ಮಾಧ್ಯಮಿಕ ಶಾಲೆಗೂ ಒಂದಿಷ್ಟು ಸೀಟು ಮೀಸಲಿಟ್ಟಿತು. ಮುಂದಿನ ಪ್ರವೇಶದಲ್ಲಿ ಏಷ್ಯನ್ ಮೂಲದ ಮಕ್ಕಳ ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಿ ಭಾರತೀಯರು ಬಹಳ, ಕನ್ನಡದ ಮನೆಗಳೂ ಇವೆ. ವರ್ಷಗಟ್ಟಲೆ ಮಕ್ಕಳನ್ನು ಆ ಪರೀಕ್ಷೆಗೆ ತಯಾರು ಮಾಡಿದ್ದವರಿಗೆ ಇದು ಅನ್ಯಾಯವೆನಿಸಿತು. ಬಡ ಬಡಾವಣೆಗಳ ಮಕ್ಕಳಿಗೆ ಬಾಗಿಲು ತೆರೆಯಿತು ಎಂದವರ ಮಾತಿನಲ್ಲೂ ಹುರುಳಿತ್ತು. ಆದರೆ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಮಾತಾಡಿಸುವ ಕೆಲಸ ಸಾಕಷ್ಟು ಆಗಲಿಲ್ಲ.

2021ರ ಪ್ರಚಾರ ಇಳಿದದ್ದು ಈ ನೆಲದ ಮೇಲೆ. ಮತ್ತೆ ಕಣಕ್ಕಿಳಿದಿದ್ದ ಮೆಕಾಲಿಫ್, ಎದುರಾಳಿಯನ್ನು ಟ್ರಂಪ್ ಜೊತೆ ಗಂಟುಹಾಕುವುದಕ್ಕೆ ಹೆಚ್ಚು ಒತ್ತು ಕೊಟ್ಟರು. ಹಿಂದಿನ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರಂಪ್ ವಿರುದ್ಧ ಬೈಡನ್ ಅಲ್ಲಿ ಶೇ 10ರ ಅಂತರದಲ್ಲಿ ಗೆದ್ದಿದ್ದರಿಂದ ಆ ಲೆಕ್ಕ ಸರಿಯೆಂದೇ ಕಂಡಿರಬೇಕು. ಯಂಗ್‌ಕಿನ್ ಟ್ರಂಪ್ ಬೆಂಬಲವನ್ನು ಬೇಡವೆನ್ನಲಿಲ್ಲ, ಅವರನ್ನು ವೇದಿಕೆಗೂ ಕರೆತರಲಿಲ್ಲ. ದಿನಸಿ ಮೇಲಿನ ತೆರಿಗೆ, ಶಾಲೆ, ಇವೆರಡನ್ನೇ ಹಿಡಿದರು. ಸೆಪ್ಟೆಂಬರ್ ಕೊನೆಯ ಚರ್ಚೆಯಲ್ಲಿ ಮೆಕಾಲಿಫ್, ಶಾಲೆಗಳು ಏನು ಕಲಿಸಬೇಕೆಂದು ಪೋಷಕರು ಹೇಳಬಾರದು ಎಂಬರ್ಥದ ಮಾತಾಡಿದರು. ಆ ತುಣುಕು ಮತದಾನದವರೆಗೂ ಜಾಹೀರಾತುಗಳಲ್ಲಿ ಓಡಿತು. ಲೌಡನ್‌ನಲ್ಲಿ ಬೈಡನ್‌ಗಿದ್ದ ಶೇ 25ರ ಮುನ್ನಡೆ ಮೆಕಾಲಿಫ್‌ಗೆ 11ಕ್ಕೆ ಕುಸಿಯಿತು. ರಾಜ್ಯದಲ್ಲಿ ಯಂಗ್‌ಕಿನ್ ಸುಮಾರು ಶೇ 2ರಷ್ಟು ಮುಂದಿದ್ದರು.

2025ರ ಹೊತ್ತಿಗೆ ಚಿಂತೆಯೇ ಬೇರೆಯಾಗಿತ್ತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನೌಕರಿಗಳಿಗೆ ಕತ್ತರಿ ಬಿದ್ದಿತ್ತು, ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರ ಸ್ಥಗಿತಗೊಂಡಿತ್ತು. ಡೇಟಾ ಸೆಂಟರ್‌ಗಳ ನಾಡಿನಲ್ಲಿ ಕರೆಂಟ್ ಬಿಲ್ ಏರುತ್ತಿತ್ತು. ಸ್ಪ್ಯಾನ್‌ಬರ್ಗರ್ ಜೀವನವೆಚ್ಚದ ಮಾತನ್ನು ಬಿಡಲಿಲ್ಲ. ರಿಪಬ್ಲಿಕನ್ ಎದುರಾಳಿ ವಿನ್ಸಮ್ ಅರ್ಲ್-ಸಿಯರ್ಸ್ ಅವರ ಜಾಹೀರಾತುಗಳು ತೃತೀಯಲಿಂಗಿ ವಿದ್ಯಾರ್ಥಿಗಳ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟವು. ಸಂಬಳ ನಿಂತ ಮನೆಗೆ ಅದು ಮೊದಲ ಪ್ರಶ್ನೆಯಾಗಿರಲು ಸಾಧ್ಯವಿರಲಿಲ್ಲ.

ಇನ್ನು ಥಾಮಸ್ ಜೆಫರ್ಸನ್ ಶಾಲೆಯ ನಿಯಮ ಯಂಗ್‌ಕಿನ್ ಕಾಲದಲ್ಲೂ ಬದಲಾಗಲಿಲ್ಲ. ಅದು ಶಾಲಾ ಮಂಡಳಿಯ ಅಧಿಕಾರದ ವಿಷಯ. ಪೋಷಕರ ಮೇಲ್ಮನವಿಯನ್ನು ಆಲಿಸಲು ಸುಪ್ರೀಂ ಕೋರ್ಟ್ ಫೆಬ್ರವರಿ 2024ರಲ್ಲಿ ನಿರಾಕರಿಸಿತು. ಆ ಮಂಡಳಿಯ ಸದಸ್ಯರನ್ನು ಆರಿಸುವುದು ಬೇರೊಂದು ಚುನಾವಣೆಯಲ್ಲಿ.