ಅಕ್ಕರೆಯವರು ಅಂದರೆ ಎಂಥವರು?

"ಅವರು ತುಂಬಾ ಒಳ್ಳೆಯವರು" ಅಂತ ದಿನಾ ಹೇಳುತ್ತೇವೆ. ಸಾಲ ಸರಿಯಾಗಿ ತೀರಿಸಿದವರೂ ಒಳ್ಳೆಯವರೇ, ಯಾರ ತಂಟೆಗೂ ಹೋಗದವರೂ ಒಳ್ಳೆಯವರೇ. ಆದರೆ ಹತ್ತಿರ ಕೂರಿಸಿಕೊಂಡು ಕಷ್ಟ ಸುಖ ವಿಚಾರಿಸುವವರಿಗೆ ಕನ್ನಡದಲ್ಲಿ ಬೇರೆಯೇ ಮಾತಿದೆ: ಅಕ್ಕರೆಯವರು. ಈ ಚೆಂದದ ಮಾತು ಮದುವೆ ಪತ್ರಿಕೆಯ "ಅಕ್ಕರೆಯ ಕರೆಯೋಲೆ"ಗೆ ಮಾತ್ರ ಉಳಿಯಬಾರದು.

ಅಕ್ಕರೆಯ ಬಳಗದ ಪದಗಳು ಬೆಂಗಳೂರಿನಲ್ಲಿ ಸುಮ್ನೆ ಓಡಾಡಿದರೂ ಕಿವಿಗೆ ಬೀಳುತ್ತವೆ. ಹಲಸೂರಿನ ಕಡೆ ತಮಿಳು ಮಾತಾಡುವವರ "ಅಕ್ಕರೈ" ಅಂದರೆ ಕಾಳಜಿ. ತೆಲುಗಿನವರ "ಅಕ್ಕರ" ಅಂದರೆ ಅಗತ್ಯ. "ಅಕ್ಕರಲೇದು" ಅಂದರೆ ಬೇಕಾಗಿಲ್ಲ. ನಮ್ಮಲ್ಲಿ ಅದು ಪ್ರೀತಿ. ಮೂರನ್ನೂ ಜೊತೆಗಿಟ್ಟು ನೋಡಿದರೆ ನನಗೆ ಪದದ ಒಳಗುಟ್ಟು ಕಾಣುತ್ತದೆ. ಎದುರಿಗಿರುವವರಿಗೆ ಏನು ಬೇಕು ಅಂತ ಅವರು ಕೇಳುವ ಮೊದಲೇ ಗಮನಿಸುವ ಪ್ರೀತಿ ಅಕ್ಕರೆ.

ಗಾಂಧಿ ಬಜಾರಿನಲ್ಲಿ ಹೂ ಮಾರುವ ಒಬ್ಬ ಅಜ್ಜಿಯನ್ನು ನೋಡಿ. ಮೊಳ ಹಾಕಿ ಮಲ್ಲಿಗೆ ಕತ್ತರಿಸುವಾಗ, ಅಮ್ಮನ ಸೆರಗು ಹಿಡಿದು ನಿಂತ ಹುಡುಗಿಯ ಬರೀ ಜಡೆ ಅವರ ಕಣ್ಣಿಗೆ ಬೀಳುತ್ತದೆ. "ಬಾ ಪುಟ್ಟಿ, ಇಷ್ಟುದ್ದ ಜಡೆಗೆ ಹೂ ಬೇಡ್ವಾ?" ಅಂತ ಒಂದು ತುಂಡು ತಾವೇ ಮುಡಿಸುತ್ತಾರೆ. ಕಾಸು ಕೊಡಹೋದರೆ "ಇರ್ಲಿ ಬಿಡವ್ವ" ಅಂತಾರೆ. ಇವರು ಅಕ್ಕರೆಯ ಅಜ್ಜಿ. "ದಯಾಳು ಅಜ್ಜಿ" ಅಂದರೆ ಇಲ್ಲಿ ಒಗ್ಗುವುದಿಲ್ಲ, ದಯೆಯಲ್ಲಿ ಕೊಡುವವರು ಒಂದು ಮೆಟ್ಟಿಲು ಮೇಲಿರುತ್ತಾರೆ. "ಪ್ರೀತಿಯ ಅಜ್ಜಿ" ಅಂದರೆ ನನಗೆ ಇಷ್ಟವಾದ ಅಜ್ಜಿ ಅನ್ನುವ ಅರ್ಥವೇ ಜಾಸ್ತಿ.

ಬಳಸುವುದು ಸುಲಭ. ಅಕ್ಕರೆ ನಾಮಪದ, "ಯ" ಸೇರಿಸಿದರೆ ಅಕ್ಕರೆಯ. ಇಲ್ಲಿ ಒಂದು ಸೊಗಸಿದೆ. "ಅಕ್ಕರೆಯ ಸೋದರತ್ತೆ" ಅಂದಾಗ ಅಕ್ಕರೆ ತೋರುವವರು ಅತ್ತೆ. "ಅಕ್ಕರೆಯ ಮಗಳು" ಅಂದಾಗ ಅಕ್ಕರೆ ಪಡೆಯುವವಳು ಮಗಳು. ಹಿರಿಯರಿಂದ ಕಿರಿಯರ ಕಡೆ ಹರಿಯುವುದೇ ಇದರ ರೂಢಿ. ಕೆಲಸಕ್ಕೂ ಸೇರುತ್ತದೆ: ಅಕ್ಕರೆಯಿಂದ ಬಡಿಸಿದರು, ಅಕ್ಕರೆಯಿಂದ ಮಾತಾಡಿಸಿದರು. ಹಿರಿಯರ ಬಾಯಲ್ಲಿ "ಅಕ್ಕರಾಸ್ಥೆ" ಅಂತಲೂ ಕೇಳುತ್ತೇವೆ.

ಅಂದಹಾಗೆ, ಹಳೆಯ ಪದ್ಯಗಳಲ್ಲಿ ಬರುವ "ಅಕ್ಕರ" ಬೇರೆ. ಅದು ಅಕ್ಷರದ ತದ್ಭವ. ಸಕ್ಕರೆಗೂ ಅಕ್ಕರೆಗೂ ಇರುವುದು ಬರೀ ಪ್ರಾಸದ ನಂಟು.

ಈಗಿನ ಮಾತಿಗೂ ಇದು ಚೆನ್ನಾಗಿ ಹೊಂದುತ್ತದೆ. "ಸೋ ಸ್ವೀಟ್" ಅಂತ ಬಾಯಿಗೆ ಬರುವ ಜಾಗದಲ್ಲಿ ಇಟ್ಟು ನೋಡಿ: "ನಮ್ಮ ಓನರ್ ಆಂಟಿ ತುಂಬಾ ಅಕ್ಕರೆಯವರು. ಹಬ್ಬಕ್ಕೆ ಊರಿಗೆ ಹೋಗೋಕಾಗ್ಲಿಲ್ಲ ಅಂತ ಗೊತ್ತಾದ್ರೆ ಸಾಕು, ಒಬ್ಬಟ್ಟು ಮೇಲೆ ಬಂದುಬಿಡತ್ತೆ."