ಮ್ಯಾಶ್‌ನ ಮೊದಲ 20 ನಿಮಿಷ

ಮನೆಯಲ್ಲಿ ಬಿಯರ್ ತಯಾರಿಸುವವರು ನನ್ನ ಬಳಿ ಹೇಳಿಕೊಳ್ಳುವ ದೂರುಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಬಿಯರ್ ತೀರಾ ತೆಳುವಾಗಿ ನೀರು ನೀರಾಗಿದೆ ಎಂಬುದು ಒಂದು. ಹುದುಗುವಿಕೆ ಅರ್ಧಕ್ಕೇ ನಿಂತು, ಕುಡಿದರೆ ನಾಲಿಗೆಗೆ ಭಾರವೆನಿಸುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಬಹುತೇಕರು ಯೀಸ್ಟನ್ನೇ ದೂಷಿಸಿ, ಇನ್ನೊಂದು ಪೊಟ್ಟಣ ಯೀಸ್ಟ್ ಸುರಿದು, ವಾರಗಟ್ಟಲೆ ಕಾಯುತ್ತಾರೆ. ನಾನು ಮೊದಲು ಕೇಳುವುದು ಮ್ಯಾಶ್‌ನ ತಾಪಮಾನವನ್ನು. 'ಸರಿಯಾಗಿ 66 ಡಿಗ್ರಿ ಇತ್ತು' ಎಂಬ ಉತ್ತರ ಥಟ್ಟನೆ ಬರುತ್ತದೆ. ಅದನ್ನು ಯಾವಾಗ ಅಳೆದಿರಿ, ಪಾತ್ರೆಯ ಯಾವ ಭಾಗದಲ್ಲಿ ಅಳೆದಿರಿ, ಆ ಥರ್ಮಾಮೀಟರನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ.

ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚಾಗಿ ಒಡೆದು ಬಿಸಿನೀರಿನಲ್ಲಿ ನೆನೆಯಿಡುವ ಹಂತವೇ ಮ್ಯಾಶ್. ಬಾರ್ಲಿಯ ಪಿಷ್ಟವು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಜಿಗಟ್ಟಿ ಸಡಿಲಗೊಳ್ಳುತ್ತದೆ; ಆಗ ಕಾಳಿನೊಳಗೇ ಇರುವ ಎರಡು ಕಿಣ್ವಗಳು ಅದನ್ನು ಸಕ್ಕರೆಯಾಗಿ ಒಡೆಯತೊಡಗುತ್ತವೆ. ಬೀಟಾ ಅಮೈಲೇಸ್ ಪಿಷ್ಟದ ಸರಪಳಿಯನ್ನು ತುದಿಯಿಂದ ಎರಡೆರಡು ಕೊಂಡಿಗಳಂತೆ ಕತ್ತರಿಸುತ್ತ ಮಾಲ್ಟೋಸ್ ಕೊಡುತ್ತದೆ. ಯೀಸ್ಟ್ ಸಲೀಸಾಗಿ ಆಲ್ಕೋಹಾಲ್ ಆಗಿ ಮಾರ್ಪಡಿಸುವ ಸಕ್ಕರೆ ಅದು. ಆಲ್ಫಾ ಅಮೈಲೇಸ್‌ಗೆ ಅಂಥ ಶಿಸ್ತಿಲ್ಲ. ಅದು ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ತುಂಡರಿಸುತ್ತದೆ, ಹಾಗಾಗಿ ಸಾಮಾನ್ಯ ಬಿಯರ್ ಯೀಸ್ಟ್ ಮುಟ್ಟಲಾರದ ಡೆಕ್ಸ್‌ಟ್ರಿನ್‌ಗಳು ಬಹಳಷ್ಟು ಉಳಿಯುತ್ತವೆ. ಮೊದಲನೆಯದಕ್ಕೆ 60ರಿಂದ 65 ಡಿಗ್ರಿ ಹಿತ, ಎರಡನೆಯದಕ್ಕೆ 68ರಿಂದ 72. ನಾವು 63ಕ್ಕೆ ಮ್ಯಾಶ್ ಮಾಡಿದರೆ ಒಣ ಗುಣದ, ಹಗುರವಾದ ಬಿಯರ್ ಸಿಗುವುದೂ, 69ಕ್ಕೆ ಮಾಡಿದರೆ ಮೈತುಂಬಿದ ಬಿಯರ್ ಸಿಗುವುದೂ ಈ ಕಾರಣಕ್ಕೆ. ಡೆಕ್ಸ್‌ಟ್ರಿನ್‌ಗೆ ತನ್ನದೇ ಆದ ಸಿಹಿ ಬಹುಮಟ್ಟಿಗೆ ಇಲ್ಲ. ಹೆಚ್ಚು ತಾಪದ ಮ್ಯಾಶ್ 'ಸಿಹಿ ಬಿಯರ್' ಕೊಡುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ, ಅದು ಕೊಡುವುದು ತೂಕವನ್ನು.

ಇಲ್ಲಿ ನಾನು ಒತ್ತಿ ಹೇಳಬೇಕಾದ ವಿಷಯವೆಂದರೆ, ತಾಪಮಾನ ಎರಡು ಡಿಗ್ರಿ ಕಡಿಮೆಯಾಗುವುದೂ ಎರಡು ಡಿಗ್ರಿ ಹೆಚ್ಚಾಗುವುದೂ ಒಂದೇ ತೂಕದ ತಪ್ಪುಗಳಲ್ಲ. ಮ್ಯಾಶ್ 62ಕ್ಕೆ ಬಂದು ಕುಳಿತರೆ ಕಿಣ್ವಗಳೆರಡೂ ಜೀವಂತವಾಗಿರುತ್ತವೆ, ನಿಧಾನವಾಗಿ ಮೇಲೇರಿಸಿ ಸರಿಪಡಿಸಿಕೊಳ್ಳಬಹುದು. ಆದರೆ 71ಕ್ಕೆ ಹೋದರೆ ಬೀಟಾ ಅಮೈಲೇಸ್ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಆಮೇಲೆ ತಣ್ಣೀರು ಸುರಿದು 65ಕ್ಕೆ ಇಳಿಸಿದರೂ ಸತ್ತ ಕಿಣ್ವ ಮರಳಿ ಬಾರದು. ಇಂದಿನ ಮಾಲ್ಟ್‌ಗಳಲ್ಲಿ ಪಿಷ್ಟದ ಪರಿವರ್ತನೆಯ ಹೆಚ್ಚಿನ ಪಾಲು ಮೊದಲ 20–30 ನಿಮಿಷಗಳಲ್ಲೇ ನಡೆದುಹೋಗುವುದರಿಂದ, ಗಂಟೆಯ ಕೊನೆಗೆ ತಾಪಮಾನ ಎರಡು ಡಿಗ್ರಿ ಇಳಿದಿದ್ದನ್ನು ಕಂಡು ಗಾಬರಿಯಾಗಿ ಒಲೆ ಹಚ್ಚುವವರಿಗಿಂತ, ಆರಂಭದಲ್ಲೇ ಗುರಿಯಿಂದ ಒಂದು ಡಿಗ್ರಿ ಕೆಳಗೆ ನಿಂತು ಸಾವಕಾಶವಾಗಿ ಮೇಲೇರುವವರ ಬಿಯರ್ ಚೆನ್ನಾಗಿರುತ್ತದೆ.

ಆರಂಭ ಸರಿಯಾಗಬೇಕಾದರೆ ನೀರಿನ ತಾಪಮಾನವನ್ನು ಲೆಕ್ಕ ಹಾಕಬೇಕು. ಶಾಖವನ್ನು ಹೀರುವ ಲೆಕ್ಕದಲ್ಲಿ ಒಂದು ಕಿಲೋ ಒಣ ಮಾಲ್ಟ್ ಸುಮಾರು 0.41 ಲೀಟರ್ ನೀರಿಗೆ ಸಮ. ನಿಮ್ಮಲ್ಲಿ 25 ಡಿಗ್ರಿಯಲ್ಲಿರುವ 5 ಕಿಲೋ ಮಾಲ್ಟ್ ಇದೆ, 15 ಲೀಟರ್ ನೀರು ಬಳಸುತ್ತೀರಿ, ಗುರಿ 66 ಡಿಗ್ರಿ ಎಂದಿಟ್ಟುಕೊಳ್ಳೋಣ. ಮಾಲ್ಟ್ 2.05 ಲೀಟರ್ ನೀರಿಗೆ ಸಮ, ಅದು 41 ಡಿಗ್ರಿ ಮೇಲೇರಬೇಕು. ಇವೆರಡನ್ನು ಗುಣಿಸಿ 15ರಿಂದ ಭಾಗಿಸಿದರೆ 5.6 ಬರುತ್ತದೆ. ಹಾಗಾಗಿ ನೀರು 71.6 ಡಿಗ್ರಿ ಇರಬೇಕು. ಅದೇ ಮಾಲ್ಟನ್ನು ಬಟ್ಟೆಚೀಲದಲ್ಲಿಟ್ಟು 27 ಲೀಟರ್ ನೀರಿಗೆ ಇಳಿಸುವವರಿಗೆ 69 ಡಿಗ್ರಿ ಸಾಕು. ನೀರು ಹೆಚ್ಚಿದಷ್ಟೂ ಗುರಿಗೂ ನೀರಿನ ತಾಪಕ್ಕೂ ಇರುವ ಅಂತರ ಕಿರಿದಾಗುತ್ತದೆ.

ಈ ಲೆಕ್ಕದಲ್ಲಿ ಪಾತ್ರೆಯ ಪಾಲು ಸೇರಿಲ್ಲ. ತಣ್ಣಗಿರುವ ದಪ್ಪ ಉಕ್ಕಿನ ಪಾತ್ರೆಯೋ ಶಾಖನಿರೋಧಕ ಡಬ್ಬವೋ ಎರಡು ಮೂರು ಡಿಗ್ರಿಯನ್ನು ಸುಲಭವಾಗಿ ನುಂಗಿಬಿಡುತ್ತದೆ. ಲೆಕ್ಕಕ್ಕೆ ಸಿಕ್ಕಿದ್ದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿಯ ನೀರನ್ನು ಮೊದಲೇ ಸುರಿದು, ಮುಚ್ಚಳ ಹಾಕಿ, ಹತ್ತು ನಿಮಿಷ ಬಿಟ್ಟು, ನೀರು 71.6ಕ್ಕೆ ಇಳಿದ ಮೇಲೆ ಮಾಲ್ಟ್ ಸೇರಿಸುವುದು ನನ್ನ ಪದ್ಧತಿ. ಆಗ ಪಾತ್ರೆಯ ಗುಣವನ್ನು ಪ್ರತ್ಯೇಕವಾಗಿ ಊಹಿಸುವ ಗೋಜಿಲ್ಲ. ಥರ್ಮಾಮೀಟರ್ ಬಳಕೆಗೆ ಬರುವ ಮೊದಲು ಇಂಗ್ಲೆಂಡಿನ ಬಿಯರ್ ತಯಾರಕರು ಕುದಿದ ನೀರಿನ ಆವಿ ತಿಳಿಯಾಗಿ ಅದರಲ್ಲಿ ತಮ್ಮ ಮುಖ ಕಾಣುವವರೆಗೆ ಕಾಯುತ್ತಿದ್ದರಂತೆ. ತತ್ತ್ವ ಇದೇ: ಬಿಸಿ ಮಾಡಿ, ಇಳಿಯಲು ಬಿಟ್ಟು, ಹದಕ್ಕೆ ಬಂದಾಗ ಹಿಡಿಯುವುದು.

ಮಾಲ್ಟ್ ಸೇರಿಸುವಾಗ ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಳದಿಂದ ಮೇಲಕ್ಕೆ ಕಲಕಬೇಕು. ನಿಂಬೆಗಾತ್ರದ ಒಂದು ಗಂಟನ್ನು ಸೌಟಿನ ಬೆನ್ನಿನಿಂದ ಒಡೆದು ನೋಡಿ: ಹೊರಮೈ ಅಂಟಂಟಾಗಿದ್ದರೂ ಒಳಗೆ ಬೆಳ್ಳಗಿನ ಒಣ ಹಿಟ್ಟು ಹಾಗೇ ಇರುತ್ತದೆ. ಅಷ್ಟು ಪಿಷ್ಟಕ್ಕೆ ನೀರೂ ತಲುಪಿಲ್ಲ, ಶಾಖವೂ ತಲುಪಿಲ್ಲ. ಗಂಟುಗಳೆಲ್ಲ ಒಡೆದ ಮೇಲೆ ಮುಚ್ಚಿಟ್ಟು, ಐದು ನಿಮಿಷದ ನಂತರ ಮತ್ತೊಮ್ಮೆ ಕಲಕಿ, ನಡುವೆ, ಅಂಚಿನಲ್ಲಿ, ತಳದ ಹತ್ತಿರ ಹೀಗೆ ಮೂರು ಕಡೆ ಅಳೆಯಬೇಕು. ಮೂರೂ ಒಂದು ಡಿಗ್ರಿಯೊಳಗೆ ಬಂದರೆ ಸಾಕು. ಬರದಿದ್ದರೆ ಇನ್ನೂ ಕಲಕಬೇಕೇ ಹೊರತು ಬಿಸಿನೀರಿಗೆ ಕೈಹಾಕಬಾರದು. ಸರಿಯಾಗಿ ಬೆರೆಯದ ಮ್ಯಾಶ್‌ನ ತಣ್ಣನೆಯ ಮೂಲೆಯನ್ನು ಅಳೆದು, ಅದನ್ನೇ ನಂಬಿ, ಇಡೀ ಪಾತ್ರೆಯನ್ನು 70 ದಾಟಿಸಿದವರನ್ನು ಬಹಳ ಮಂದಿ ನೋಡಿದ್ದೇನೆ.

ಸರಿಪಡಿಸಬೇಕಾದದ್ದು ನಿಜವೆಂದು ಖಚಿತವಾದ ಮೇಲೆ, ಅದಕ್ಕೂ ಮೇಲಿನ ಲೆಕ್ಕವೇ ಸಾಕು. ಅದೇ 5 ಕಿಲೋ, 15 ಲೀಟರ್ ಮ್ಯಾಶ್ ಒಟ್ಟಾರೆ ಸುಮಾರು 17 ಲೀಟರ್ ನೀರಿಗೆ ಸಮ. ಅದನ್ನು 64ರಿಂದ 66ಕ್ಕೆ ಏರಿಸಲು ಒಂದು ಲೀಟರ್ ಕುದಿಯುವ ನೀರು ಬೇಕು; 70ರಿಂದ 66ಕ್ಕೆ ಇಳಿಸಲು 25 ಡಿಗ್ರಿಯ ನೀರು ಸುಮಾರು 1.7 ಲೀಟರ್ ಬೇಕು. ಏರಿಸುವಾಗ ಅರ್ಧರ್ಧ ಲೀಟರ್ ಸೇರಿಸಿ ಕಲಕಿ ಅಳೆಯುವಷ್ಟು ತಾಳ್ಮೆಯಿರಲಿ. ಇಳಿಸುವಾಗ ತಾಳ್ಮೆ ಬೇಡ, ಒಂದೇ ಬಾರಿಗೆ ಸುರಿದು ಜೋರಾಗಿ ಕಲಕಿ, ಏಕೆಂದರೆ ಅಲ್ಲಿ ಪ್ರತಿ ನಿಮಿಷವೂ ಕಿಣ್ವದ ನಷ್ಟ. ಪಾತ್ರೆಯ ಕೆಳಗೆ ನೇರವಾಗಿ ಉರಿ ಹಚ್ಚುವವರು ಗುರಿಗಿಂತ ಒಂದು ಡಿಗ್ರಿ ಮೊದಲೇ ಉರಿ ಆರಿಸಬೇಕು. ಕಾದ ತಳ ಉಳಿದ ಕೆಲಸವನ್ನು ತಾನೇ ಮುಗಿಸುತ್ತದೆ.

ಇಷ್ಟೆಲ್ಲ ಲೆಕ್ಕ ಥರ್ಮಾಮೀಟರ್ ಸುಳ್ಳು ಹೇಳಿದರೆ ವ್ಯರ್ಥ. ಕಸುಬಿನ ಆರಂಭದ ದಿನಗಳಲ್ಲಿ ನಾನು ಪಾತ್ರೆಗೇ ಜೋಡಿಸಿದ್ದ ಮುಳ್ಳಿನ ಥರ್ಮಾಮೀಟರೊಂದನ್ನು ನಂಬಿ, 1.052 ಗ್ರಾವಿಟಿಯಿಂದ (ನೀರಿಗೆ ಹೋಲಿಸಿದ ಸಾಂದ್ರತೆ; ಯೀಸ್ಟ್ ಸಕ್ಕರೆಯನ್ನು ತಿಂದಂತೆ ಇಳಿಯುತ್ತದೆ) ಹೊರಟ ಬಿಯರ್ 1.022ಕ್ಕೆ ನಿಂತದ್ದನ್ನು ಕಂಡು ತಲೆ ಕೆಡಿಸಿಕೊಂಡಿದ್ದೆ. ಅದು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕಿ ಅದ್ದಿದರೆ ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕಾದದ್ದು ಸಮುದ್ರಮಟ್ಟದಲ್ಲಿ ಮಾತ್ರ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಎಂಬುದನ್ನು ಮರೆತು, ಸರಿಯಾಗಿದ್ದ ಉಪಕರಣವನ್ನೇ ತಿರುಗಿಸಿ ಕೆಡಿಸಿದವರೂ ಇದ್ದಾರೆ. ಎರಡು ತುದಿಗಳಲ್ಲಿ ಸರಿಯಿದ್ದರೂ ನಡುವೆ ತಪ್ಪುವ ಥರ್ಮಾಮೀಟರ್‌ಗಳಿರುವುದರಿಂದ, ನಂಬಿಕಸ್ಥ ಪ್ರಯೋಗಾಲಯದ ಥರ್ಮಾಮೀಟರೊಂದರ ಜೊತೆಗೆ 65 ಡಿಗ್ರಿಯ ನೀರಿನಲ್ಲಿ ಹೋಲಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ. ಗಾಜಿನದನ್ನು ಮ್ಯಾಶ್‌ಗೆ ಮಾತ್ರ ಇಳಿಸಬೇಡಿ. ಒಡೆದರೆ ಇಡೀ ಪಾತ್ರೆ ಚರಂಡಿಗೆ.

ವಿದ್ಯುತ್ ಕಾಯಿಲ್ ಮತ್ತು ಪಂಪ್ ಇರುವ ಯಂತ್ರಗಳನ್ನು ಕೊಂಡವರು ಪರದೆಯ ಮೇಲಿನ ಅಂಕಿಯನ್ನು ನೋಡಿ ನಿಶ್ಚಿಂತರಾಗುತ್ತಾರೆ. ಆ ಅಂಕಿ ಸೆನ್ಸರ್ ಇರುವ ಜಾಗದ್ದು, ಅಂದರೆ ಸಾಮಾನ್ಯವಾಗಿ ಕಾಯಿಲ್ ಪಕ್ಕದ ದ್ರವದ್ದು. ಮೇಲಿರುವ ನುಚ್ಚಿನ ರಾಶಿಯ ನಡುಭಾಗ ಅದಕ್ಕಿಂತ ಹಲವು ಡಿಗ್ರಿ ತಣ್ಣಗಿರಬಹುದು. ಹಾಗೆಂದು ಗುರಿಯ ಅಂಕಿಯನ್ನೇ ಏರಿಸಿದರೆ, ಕಿಣ್ವಗಳು ಕರಗಿರುವುದು ದ್ರವದಲ್ಲೇ ಆದ್ದರಿಂದ, ಕಾಯಿಲ್ ದಾಟುವ ಪ್ರತಿ ಸುತ್ತಿನಲ್ಲೂ ಅವು ಬೇಯುತ್ತವೆ. ಪಂಪ್ ಸಮವಾಗಿ ಹರಿಯಲಿ, ಕಾಯಿಲ್‌ನ ಶಕ್ತಿ ಕಡಿಮೆಯಿರಲಿ, ನಡುವೆ ಒಂದೆರಡು ಬಾರಿ ಯಂತ್ರ ನಿಲ್ಲಿಸಿ ಕೈಯಿಂದ ಕಲಕಿ.

ಗಂಟೆಯ ಕೊನೆಗೆ ಬಿಳಿ ತಟ್ಟೆಯ ಮೇಲೆ ಒಂದು ಹನಿ ತಿಳಿ ದ್ರವ ತೆಗೆದುಕೊಂಡು, ತಣಿದ ಮೇಲೆ ಒಂದು ಹನಿ ಅಯೋಡಿನ್ ಸೇರಿಸಿ. ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಹನಿಯಲ್ಲಿ ಹೊಟ್ಟಿನ ಚೂರಿದ್ದರೆ ಅದು ಯಾವಾಗಲೂ ನೀಲಿಯಾಗುತ್ತದೆ, ಅದಕ್ಕೆ ಮೋಸಹೋಗಬೇಡಿ, ಮತ್ತು ಪರೀಕ್ಷಿಸಿದ ಹನಿಯನ್ನು ಪಾತ್ರೆಗೆ ಮರಳಿ ಸುರಿಯಬೇಡಿ. ನಂತರ 76–77 ಡಿಗ್ರಿಗೆ ಏರಿಸಿ ಕಿಣ್ವಗಳ ಕೆಲಸ ನಿಲ್ಲಿಸುವುದು ರೂಢಿ. ದ್ರವವನ್ನು ಬೇರ್ಪಡಿಸಿ ತಕ್ಷಣ ಕುದಿಸುವವರು ಈ ಹೆಜ್ಜೆಯನ್ನು ಬಿಟ್ಟರೂ ನಡೆಯುತ್ತದೆ. ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಅಂಕಿಗಳು ಮೂರು: ಸುರಿದ ನೀರಿನ ತಾಪ, ಹತ್ತನೆಯ ನಿಮಿಷದ ಮ್ಯಾಶ್‌ನ ತಾಪ, ಬಿಯರ್‌ನ ಅಂತಿಮ ಗ್ರಾವಿಟಿ. ಮೂರು ನಾಲ್ಕು ಬಾರಿ ಬರೆದ ಮೇಲೆ, ನಿಮ್ಮ ಪಾತ್ರೆ ಲೆಕ್ಕಕ್ಕಿಂತ ಎಷ್ಟು ಡಿಗ್ರಿ ತಿನ್ನುತ್ತದೆ ಎಂಬುದು ಗೊತ್ತಾಗುತ್ತದೆ. ಮುಂದಿನ ಸಲ ನೀರು ಕಾಯಿಸುವಾಗ ಅಷ್ಟನ್ನು ಸೇರಿಸಿಕೊಳ್ಳಿ.