ಚಳಿಗಾಲದ ಹಕ್ಕಿಗಳಿಗೆ ಕೊಬ್ಬು–ಕಾಳಿನ ಅಚ್ಚು

ಹಿಮ ಬೀಳುವ ನಾಡುಗಳಲ್ಲಿ ಹತ್ತು ಹನ್ನೆರಡು ಗ್ರಾಂ ತೂಗುವ ಹಕ್ಕಿಗೆ ಚಳಿಗಾಲದ ಪ್ರತಿ ರಾತ್ರಿಯೂ ದೀರ್ಘ ಉಪವಾಸ. ಮೈಬಿಸಿ ಆರದಂತೆ ನೋಡಿಕೊಳ್ಳಲು ಹಗಲಿನಲ್ಲಿ ಕೂಡಿಟ್ಟ ಕೊಬ್ಬನ್ನೇ ಅದು ಉರಿಸಬೇಕು. ಬೆಳಗಾಗುವಷ್ಟರಲ್ಲಿ ಮೈತೂಕದ ಹತ್ತನೇ ಒಂದು ಭಾಗ ಕರಗಿಹೋಗುವುದೂ ಉಂಟು. ಉತ್ತರ ಅಮೆರಿಕದ ಕಪ್ಪುನೆತ್ತಿಯ ಚಿಕಡೀಯಂತೂ ಶಕ್ತಿ ಉಳಿಸಲು ರಾತ್ರಿ ತನ್ನ ಮೈಬಿಸಿಯನ್ನೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇಳಿಸಿಕೊಳ್ಳುತ್ತದೆ. ಮರುದಿನದ ಗಿಡ್ಡ ಹಗಲಿನಲ್ಲಿ ಕಳೆದದ್ದೆಲ್ಲ ಮತ್ತೆ ತುಂಬಬೇಕು. ಒಂದು ಗ್ರಾಂ ಪಿಷ್ಟ 4 ಕಿಲೊಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವ ತಿನಿಸು ಚೆನ್ನಾಗಿ ಬರುವುದೂ ಕೆಡುವುದೂ ಕೊಬ್ಬಿನ ಆಯ್ಕೆಯಲ್ಲೇ.

ದನ, ಕುರಿಗಳ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು ಎಲ್ಲಕ್ಕಿಂತ ಒಳ್ಳೆಯದು. ಹಂದಿಯ ಕೊಬ್ಬು ಅದಕ್ಕಿಂತ ಮೆದು, ಆದರೂ ನಡೆಯುತ್ತದೆ. ಪ್ರಾಣಿಗಳ ಕೊಬ್ಬು ಬೇಡವೆನ್ನುವವರು ಕೊಬ್ಬರಿ ಎಣ್ಣೆ ಬಳಸಬಹುದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟಿಯೇ ಇರುತ್ತದೆ. ಕೊರೆಯುವ ಚಳಿಯಲ್ಲಿ ಮಾತ್ರ ಅದು ತೀರಾ ಬಿರುಸಾಗಿ, ಹಕ್ಕಿ ಕುಕ್ಕಿದೊಡನೆ ಚೂರುಚೂರಾಗಿ ಉದುರುತ್ತದೆ. ಕಾಲು ಕಿಲೊಗೆ ಒಂದು ಚಮಚ ಸೂರ್ಯಕಾಂತಿ ಎಣ್ಣೆ ಬೆರೆಸಿದರೆ ಸರಿಹೋಗುತ್ತದೆ.

ಮಾಂಸ ಹುರಿದು ಉಳಿದ ಜಿಡ್ಡನ್ನು ಯಾವತ್ತೂ ಬಳಸಬೇಡಿ. ಅದರಲ್ಲಿ ಉಪ್ಪಿರುತ್ತದೆ, ಮಾಂಸದ ರಸ ಸೇರಿರುವುದರಿಂದ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಬೆಣ್ಣೆಯ ಬದಲಿಗೆ ಬಳಸುವ ಮೃದುವಾದ ಮಾರ್ಗರಿನ್ನಿನ ತೊಂದರೆ ಬೇರೆ: ಅದು ಗರಿಗೆ ಮೆತ್ತಿಕೊಳ್ಳುತ್ತದೆ. ಜಿಡ್ಡಾದ ಗರಿ ನೀರನ್ನೂ ತಡೆಯದು, ಬಿಸಿಗಾಳಿಯನ್ನೂ ಹಿಡಿದಿಡದು. ಆಗ ಉಪಕಾರವೇ ಕುತ್ತಾಗುತ್ತದೆ.

ಅಳತೆ ಸುಲಭ: ತೂಕದಲ್ಲಿ ಒಂದು ಪಾಲು ಕೊಬ್ಬಿಗೆ ಎರಡು ಪಾಲು ಒಣ ಸಾಮಗ್ರಿ. 250 ಗ್ರಾಂ ಕೊಬ್ಬಿಗೆ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ 200 ಗ್ರಾಂ, ಬೇಯಿಸದ ಓಟ್ಸ್ 150 ಗ್ರಾಂ, ಉಪ್ಪು ಹಾಕದ ಕಡಲೆಕಾಯಿ ಬೀಜದ ನುಚ್ಚು 150 ಗ್ರಾಂ. ಬೆಂದ ಓಟ್ಸ್ ಅಂಟಾಗಿ ಕೊಕ್ಕಿನ ಸುತ್ತ ಒಣಗಿ ಗಟ್ಟಿಯಾಗುತ್ತದೆ, ಆದ್ದರಿಂದ ಹಸಿಯದೇ ಆಗಬೇಕು. ಕಡಲೆಕಾಯಿಯಲ್ಲಿ ಬೂಷ್ಟಿನ ಸುಳಿವು ಕಂಡರೂ ಇಡೀ ಪೊಟ್ಟಣ ಎಸೆಯಿರಿ. ಆ ಬೂಷ್ಟು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಗಳನ್ನು ಕೊಲ್ಲಬಲ್ಲದು. ಒಣದ್ರಾಕ್ಷಿ ಹಕ್ಕಿಗೆ ಇಷ್ಟ, ನಾಯಿಗೆ ವಿಷ. ಮನೆಯಲ್ಲಿ ನಾಯಿ ಇದ್ದರೆ ಹಾಕದಿರುವುದೇ ಲೇಸು. ಹಾಲು ಬೇಡ, ಅದರ ಲ್ಯಾಕ್ಟೋಸ್ ಹಕ್ಕಿಗಳಿಗೆ ಅರಗದು.

ಕೊಬ್ಬನ್ನು ಸಣ್ಣಗೆ ಹೆಚ್ಚಿ ಸಣ್ಣ ಉರಿಯಲ್ಲಿ ಕರಗಿಸಿ. ಹೊಗೆಯಾಡುವಷ್ಟು ಕಾಯಬಾರದು, ಒಲೆ ಬಿಟ್ಟು ಕದಲಲೂಬಾರದು. ಕರಗಿದ್ದನ್ನು ಸೋಸಿ, ಗಟ್ಟಿಯಾದ ಮೇಲೆ ಇನ್ನೊಮ್ಮೆ ಕರಗಿಸಿ ಸೋಸಿದರೆ ಅಚ್ಚು ಹೆಚ್ಚು ಬಿಗಿಯಾಗಿ ಕೂರುತ್ತದೆ. ಮುಂದಿನ ಹಂತದಲ್ಲಿ ಅವಸರ ಮಾಡಿದರೆ ಕೆಡುತ್ತದೆ. ಕಾದ ಕೊಬ್ಬಿಗೆ ಕಾಳು ಸುರಿದರೆ ಅದು ತಳಕ್ಕಿಳಿದು ಮೇಲೆ ಬರೀ ಕೊಬ್ಬು ಉಳಿಯುತ್ತದೆ, ಅಚ್ಚು ಹೊಯ್ಯುವ ಪ್ಲಾಸ್ಟಿಕ್ ಲೋಟವೂ ಸೊಟ್ಟಗಾಗುತ್ತದೆ. ಕೊಬ್ಬು ಆರಿ ಮಬ್ಬಾಗತೊಡಗಿದಾಗ ಕಾಳು ಬೆರೆಸಿ. ತಳಕ್ಕೆ ತೂತು ಕೊರೆದು ಗಂಟು ಹಾಕಿದ ದಾರ ಪೋಣಿಸಿದ ಲೋಟಕ್ಕೆ ಒತ್ತಿ ತುಂಬಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಲೋಟ ಕತ್ತರಿಸಿ ತೆಗೆದರೆ ಆಯಿತು. ಅಚ್ಚು ಪುಡಿಯಾದರೆ ಕಾಳು ಹೆಚ್ಚಾಗಿದೆ ಎಂದು ಅರ್ಥ. ಒಂದೆರಡು ಚಮಚ ಕೊಬ್ಬು ಸೇರಿಸಿ ಮತ್ತೆ ಒತ್ತಿ.

ಅಂಗಡಿಯ ಉಂಡೆಗಳ ಹಾಗೆ ನೈಲಾನ್ ಬಲೆಯಲ್ಲಿ ಕಟ್ಟಿ ತೂಗುಹಾಕಬೇಡಿ, ಹಕ್ಕಿಯ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತಂತಿಯ ಪಂಜರ ಕ್ಷೇಮ. ಬೆಕ್ಕು ಅವಿತು ಕೂರುವ ಪೊದೆಯಿಂದ ಎರಡು ಮೀಟರಾದರೂ ದೂರವಿರಲಿ. ಕಿಟಕಿಯ ಗಾಜಿಗೆ ಒಂದು ಮೀಟರಿಗಿಂತ ಹತ್ತಿರವಿದ್ದರೆ ಹಕ್ಕಿ ವೇಗ ಪಡೆಯುವಷ್ಟು ಜಾಗವಿರದು, ಅಪ್ಪಳಿಸಿದರೂ ಪೆಟ್ಟು ಕಡಿಮೆ. ಅಳಿಲಿನ ಕಾಟವಿದ್ದರೆ ಮೆಣಸಿನಪುಡಿ ಬೆರೆಸಿ ನೋಡಬಹುದು. ಅದರ ಖಾರ ಸಸ್ತನಿಗಳನ್ನು ಸುಡುತ್ತದೆ, ಹಕ್ಕಿಗಳಿಗೆ ತಟ್ಟುವುದಿಲ್ಲ.

ಹಕ್ಕಿಗಳು ಗುಂಪುಗೂಡುವಲ್ಲಿ ರೋಗವೂ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರ ನಂತರ ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗದಿಂದ ಗ್ರೀನ್‌ಫಿಂಚ್‌ಗಳ ಸಂಖ್ಯೆ ಕುಸಿದುಹೋಯಿತು. ವಾರಕ್ಕೊಮ್ಮೆ ಪಂಜರ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದ್ದಿ, ಚೆನ್ನಾಗಿ ಜಾಲಾಡಿಸಿ, ಪೂರ್ತಿ ಒಣಗಿದ ಮೇಲೆಯೇ ತುಂಬಿಸಿ. ಗರಿ ಕೆದರಿಕೊಂಡು ಮಂಕಾಗಿ ಕುಳಿತ, ನುಂಗಲಾರದೆ ಒದ್ದಾಡುವ ಹಕ್ಕಿ ಕಂಡರೆ ಎರಡು ವಾರವಾದರೂ ತಿನಿಸು ಇಡುವುದನ್ನು ನಿಲ್ಲಿಸಿ, ಆಗ ಅವು ಚದುರುತ್ತವೆ. ಹಗಲಿನ ಬಿಸಿ ಏರಿ ಅಚ್ಚು ಬೆರಳಿಗೆ ಅಂಟತೊಡಗಿದರೆ ಕೂಡಲೇ ತೆಗೆದುಬಿಡಿ. ಮುಗ್ಗಲು ಹಿಡಿದ ಕೊಬ್ಬು ಯಾವ ಹಕ್ಕಿಗೂ ಆಗದು.